ರಿಮೋಟ್ ಕೆಳಗಿಡ್ರಿ
ಗದಗಿನ ಬ್ಯಾಸಗಿ ಬಿಸಲಿಗೆ ಎಸಿ ಬ್ಯಾಡಂತ ನಾ ಹೇಳೂದಿಲ್ಲ. ನನ್ನ ತಕರಾರು ಗಂಡಸರ ಕೈಯಾಗಿನ ರಿಮೋಟಿಂದು. ಹೊರಗಿಂದ ಬಂದ ಕೂಡ್ಲೆ 16ಕ್ಕ ಇಡ್ತಾರ, “ಲಗೂ ತಂಪಾಗತೈತಿ” ಅಂತ. ಎಲ್ಲಿ ಆಗತೈತ್ರಿ? ನಮ್ಮಂಥ ಇನ್ವರ್ಟರ್ ಇಲ್ಲದ ಎಸಿ 16ಕ್ಕ ಇಟ್ರೂ 24ಕ್ಕ ಇಟ್ರೂ ಕಂಪ್ರೆಸರ್ ಓಡೂದು ಒಂದ ಓಟ. 16 ಅಂದ್ರ ನಿಲ್ಲೂದು ತಡಾ, ಅಷ್ಟ. ಆಮ್ಯಾಲೆ ಚಳಿ ಅಂತ ಬಂದ್ ಮಾಡ್ತಾರ, ಶಕಿ ಅಂತ ಮತ್ತ ಚಾಲೂ. ಕಂಪ್ರೆಸರ್ ಚಾಲೂ ಆಗೂ ಗಳಿಗ್ಯಾಗ ಕರೆಂಟು ಭಾಳ ಎಳಿತೈತಿ. ಬಂದ್ ಆದ ಮ್ಯಾಲೆ ಒಳಗಿನ ಗ್ಯಾಸಿನ ಒತ್ತಡ ಸಮ ಆಗಾಕ ಒಂದ ಮೂರು ನಿಮಿಷರ ಬೇಕು. ಎತ್ತಿಗೂ ನೊಗ ಇಳಿಸಿ ಉಸಿರಾಡಾಕ ಬಿಡ್ತೀವಿ, ಇದಕ್ಕ ಅದೂ ಇಲ್ಲ.

2020ರಿಂದ ಸ್ಟಾರ್ ಲೇಬಲ್ಲಿನ ರೂಮ್ ಎಸಿ ಕಾರ್ಖಾನ್ಯಾಗ 24ಕ್ಕ ಹೊಂದಿಸೇ ಬರ್ಬೇಕು, ಸರಕಾರದ ನಿಯಮ ಅದು. 24ಕ್ಕ ಇಟ್ಟು ಮ್ಯಾಲೆ ಫ್ಯಾನ್ ಹಾಕ್ರಿ, ಸಾಕು. ಗೃಹಜ್ಯೋತಿ ಐತಲ್ಲ ಅಂತೀರಿ. ತಿಂಗಳಿಗೆ 200 ಯುನಿಟ್ ದಾಟಿದ್ರ ಪೂರಾ ಬಿಲ್ಲು ನಾವ ಕಟ್ಟಬೇಕು. ಅವತ್ತ ಮಾತ್ರ “ಕಾಯಿಪಲ್ಲೆಕ್ಕ ಇಷ್ಟ್ಯಾಕ ಖರ್ಚು?” ಅಂತ ನನ್ನ ಕೇಳ್ತಾರ!