ಎಫ್.ಪಿ. ಅಂದ್ರ ಏನು ಕಾಕಾ?

ಈ ಅಂಕಣದಲ್ಲಿ ಸಾಮಾನ್ಯವಾಗಿ ಆಫೀಸು, ಪಿ.ಜಿ. ಊಟ, ಊರು-ಬೆಂಗಳೂರು ನಡುವಿನ ರಾತ್ರಿ ಬಸ್ಸು ಇಂಥವೇ ಬರುತ್ತವೆ. ಈ ಸಲದ್ದನ್ನು ಬರೆಯೋಕೆ ಎರಡು ವರ್ಷ ಕಾದಿದ್ದೇನೆ. ಇದು ನನ್ನ ಕಥೆ ಅಲ್ಲ, ತಮ್ಮನದು. ಸ್ವಂತ ತಮ್ಮ ಅಲ್ಲ, ಕಾಕಾನ ಮಗ. ಹೋದ ವಾರ ಅವನೇ "ಬರಿ ಅಣ್ಣಾ, ಹೆಸರೊಂದು ಹಾಕಬ್ಯಾಡ" ಅಂದ ಮೇಲೆ ಕೂತಿದ್ದೇನೆ.

2024ರ ಮಾರ್ಚ್. ಹೋಳಿ ಹುಣ್ಣಿಮೆಗೆ ಇನ್ನೂ ಹತ್ತು-ಹನ್ನೆರಡು ದಿನ ಇತ್ತು. ಮೀಟಿಂಗ್‌ನಲ್ಲಿದ್ದೆ, ನವಲಗುಂದದ ಹತ್ತಿರದ ನಮ್ಮ ಹಳ್ಳಿಯಿಂದ ಕಾಕಾ ವಾಟ್ಸಾಪ್‌ಗೆ ನಾಲ್ಕು ಫೋಟೋ ಕಳಿಸಿದರು. ತಮ್ಮನ ಕುತ್ತಿಗೆಯಲ್ಲಿ ಗಂಟು ಬಂದು ಎರಡು ತಿಂಗಳಾಗಿತ್ತು. ಮೊದಲು ಮಂಗಬಾವು ಅಂದರು, ಆಮೇಲೆ ಟಿ.ಬಿ. ಇರಬಹುದು ಅಂದರು. ಕೊನೆಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿಸಿದಾಗ ಹಾಡ್ಜ್‌ಕಿನ್ ಲಿಂಫೋಮಾ ಅಂತ ಬಂತು. ಅವನಿಗೆ ಆಗ ಇಪ್ಪತ್ಮೂರು ವರ್ಷ. ಮುಂದಿನ ಸೋಮವಾರದಿಂದ ಕೀಮೋ.

ಕೊನೆಯ ಫೋಟೋದಲ್ಲಿ ಡಾಕ್ಟರ್ ಕೈಬರಹದ ಒಂದು ಸಾಲು ಇತ್ತು: ಎಫ್.ಪಿ. ಬಗ್ಗೆ ತಿಳಿಸಲಾಗಿದೆ, ಬೇಡ ಅಂದಿದ್ದಾರೆ. ಕಾಕಾಗೆ ಫೋನ್ ಮಾಡಿ ಕೇಳಿದೆ, ಎಫ್.ಪಿ. ಅಂದ್ರ ಏನು ಕಾಕಾ?

"ಅದಪಾ, ಫ್ಯಾಮಿಲಿ ಪ್ಲಾನಿಂಗ್. ಮಾಡಸ್ತೀರೇನು ಅಂತ ಕೇಳಿದ್ರು. ಇನ್ನೂ ಲಗ್ನನ ಆಗಿಲ್ಲ ಹುಡುಗಗ, ಅದ್ಯಾಕ ಬೇಕ್ರೀ ಅಂದ್ವಿ."

ನನಗೂ ಗೊತ್ತಿರಲಿಲ್ಲ. ಹುಡುಕಿ ನೋಡಿದೆ. ಫರ್ಟಿಲಿಟಿ ಪ್ರಿಸರ್ವೇಶನ್. ಕೀಮೋ ಶುರುವಾಗುವ ಮೊದಲು ವೀರ್ಯವನ್ನು ತೆಗೆದಿಟ್ಟು, ಮುಂದೆ ಮಕ್ಕಳು ಬೇಕಾದಾಗ ಬಳಸೋದು. ಡಾಕ್ಟರ್ ಕೇಳಿದ್ದು ಮಕ್ಕಳಾಗೋ ದಾರಿ ಉಳಿಸಿಕೊಳ್ತೀರಾ ಅಂತ. ನಮ್ಮವರು ತಿಳಕೊಂಡಿದ್ದು ಅದನ್ನ ಮುಚ್ಚಿಬಿಡೋಣೇನು ಅಂತ! ಡಾಕ್ಟರ್ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಮನಸ್ಸು ಬರಲಿಲ್ಲ. ಹೊರಗೆ ಐವತ್ತು ಮಂದಿ ಕಾಯುತ್ತಿರುವಾಗ ಅವರು ಎರಡು ನಿಮಿಷದಲ್ಲಿ ಇಂಗ್ಲಿಷ್‌ನಲ್ಲಿ ಹೇಳಿದರು, ನಮ್ಮ ಕಾಕಾ ಎರಡೇ ಸೆಕೆಂಡಿನಲ್ಲಿ ಬೇಡ ಅಂದರು. ಆದರೆ ಆ ಎರಡು ಸೆಕೆಂಡಿನ ಬೆಲೆ ಎಷ್ಟು ಅನ್ನೋದು ನನಗೆ ಆ ರಾತ್ರಿ ಓದ್ತಾ ಓದ್ತಾ ತಿಳೀತು.

ಕೀಮೋ ಔಷಧಿಗಳು ದೇಹದಲ್ಲಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತವೆ. ಕ್ಯಾನ್ಸರ್ ಕೋಶ ಅಷ್ಟೇ ಅಲ್ಲ, ಕೂದಲು, ಬಾಯೊಳಗಿನ ಪದರ ಎಲ್ಲಕ್ಕೂ ಪೆಟ್ಟು. ವೀರ್ಯಾಣು ತಯಾರಾಗುವ ಜಾಗವೂ ಅಂಥದ್ದೇ. ಅಲ್ಲಿ ದಿನವೂ ಕೆಲಸ ನಡೆದಿರುತ್ತದೆ, ಒಂದು ವೀರ್ಯಾಣು ಪೂರ್ತಿ ತಯಾರಾಗೋಕೆ ಸುಮಾರು ಎರಡೂವರೆ ತಿಂಗಳು ಬೇಕು. ಕೆಲವು ಔಷಧಿ ಆ ಕೆಲಸವನ್ನು ಸ್ವಲ್ಪ ಕಾಲ ನಿಲ್ಲಿಸುತ್ತವೆ. ಸೈಕ್ಲೋಫಾಸ್ಫಮೈಡ್‌ನಂಥವು ಹೆಚ್ಚು ಪ್ರಮಾಣದಲ್ಲಿ ಬಿದ್ದರೆ ಕಾಯಂ ಆಗಿ ನಿಲ್ಲಿಸಬಹುದು. ತಮ್ಮನಿಗೆ ಕೊಡಬೇಕಿದ್ದ ಎಬಿವಿಡಿ ಅನ್ನುವ ನಾಲ್ಕು ಔಷಧಿಗಳ ಕೂಟ ಅಷ್ಟು ಕ್ರೂರ ಅಲ್ಲ, ಬಹಳ ಜನರಿಗೆ ಆಮೇಲೆ ಸರಿಹೋಗುತ್ತದೆ. ಆದರೆ ರೋಗ ಮರುಕಳಿಸಿದರೆ? ಆಗ ಇನ್ನೂ ಜೋರಾದ ಔಷಧಿ ಬೇಕಾಗುತ್ತದೆ, ಅಸ್ಥಿಮಜ್ಜೆ ಕಸಿಯವರೆಗೂ ಹೋಗಬಹುದು. ಕೀಮೋ ಒಂದು ಸಲ ಒಳಗೆ ಹೋದ ಮೇಲೆ ವೀರ್ಯಾಣುವಿನ ಡಿ.ಎನ್.ಎ. ಕೆಟ್ಟಿರುವ ಸಂಭವ ಇರುವುದರಿಂದ ಆಗ ತೆಗೆದಿಡುವುದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಂದರೆ ಇದ್ದ ಸಮಯ ಸೋಮವಾರದವರೆಗೆ. ನಾನು ದಿನಾ ಮಾಡುವ ಕೆಲಸದಲ್ಲಿ ಸರ್ವರ್‌ಗೆ ಕೈ ಹಚ್ಚುವ ಮೊದಲು ಬ್ಯಾಕಪ್ ತೆಗೆಯದಿದ್ದರೆ ಮ್ಯಾನೇಜರ್ ಕೂಗಾಡುತ್ತಾರೆ. ಇಲ್ಲಿ ಕೂಗಾಡುವವರು ಯಾರೂ ಇರಲಿಲ್ಲ.

ಕಾಕಾಗೆ ವಿವರಿಸಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ನಾ ಹೆಂಗ ಹೇಳ್ಲೋ ಅವಂಗ? ನೀನ ಬಾ. ನೀ ಕಲತಾವ."

ರಾತ್ರಿ ಬಸ್ಸು ಹಿಡಿದೆ.

ಮರುದಿನ ತಮ್ಮನನ್ನು ಹೊಲಕ್ಕೆ ಕರಕೊಂಡು ಹೋದೆ. ಕಡ್ಲಿ ರಾಶಿ ಮುಗಿದು ಎರಿ ಹೊಲ ಬಿರುಕು ಬಿಟ್ಟಿತ್ತು. ಬದುವಿನ ಮೇಲೆ ಕೂತು ಶುರು ಮಾಡಿದೆ. ಎಲ್ಲಾ ಇಂಗ್ಲಿಷ್ ಪದಗಳೇ ಬರುತ್ತಿದ್ದವು. ಕ್ರಯೋ, ಸ್ಯಾಂಪಲ್, ಫ್ರೀಜಿಂಗ್. ಅವನು ನೆಲ ನೋಡಿಕೊಂಡು ಕೇಳಿದ. ಆಮೇಲೆ ತಲೆ ಎತ್ತಿ, "ಅಂದ್ರ ನಮ್ಮ ಆಕಳಿಗೆ ದನದ ಡಾಕ್ಟರ್ ತರ್ತಾರಲ್ಲ, ಹಂಗೇನು?" ಅಂದ.

ಹಂಗೇ! ಇಷ್ಟು ಸರಳ ಇತ್ತು. ನಮ್ಮೂರಲ್ಲಿ ಹೆಪ್ಪುಗಟ್ಟಿದ ವೀರ್ಯ ಯಾರಿಗೂ ಹೊಸದಲ್ಲ. ಆಕಳು ಬೆದೆಗೆ ಬಂತು ಅಂದರೆ ದನದ ದವಾಖಾನೆಗೆ ಫೋನ್ ಹೋಗುತ್ತದೆ. ಡಾಕ್ಟರ್ ಕ್ಯಾನ್ ಬಾಯಿ ತೆಗೆದರೆ ಬಿಳಿ ಹೊಗೆ ಏಳುತ್ತದೆ, ಒಳಗಿಂದ ಸಣ್ಣ ಬಣ್ಣದ ಕಡ್ಡಿ ಎತ್ತಿ ಬಿಸಿನೀರಲ್ಲಿ ಅದ್ದುತ್ತಾರೆ. ಸಣ್ಣವರಿದ್ದಾಗ ಆ ಹೊಗೆ ನೋಡೋಕೆ ನಾವು ಓಡಿ ಹೋಗುತ್ತಿದ್ದೆವು. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ್ದೂ, ನಂದಿನಿಯವರದ್ದೂ ಇದಕ್ಕಾಗಿಯೇ ದೊಡ್ಡ ಕೇಂದ್ರಗಳಿವೆ. ಆ ಹೋರಿ ಎಲ್ಲಿಯದು, ಬದುಕಿದೆಯೋ ಸತ್ತಿದೆಯೋ ಅಂತ ಯಾರೂ ಕೇಳುವುದಿಲ್ಲ. ಆಕಳು ಗಬ್ಬ ಆಯ್ತೋ ಇಲ್ಲವೋ ಅಷ್ಟೇ. ದನದ ಮುಂದೆ ಇಷ್ಟು ಸಲೀಸಾಗಿ ಆಡುವ ಮಾತು ಮನುಷ್ಯನಿಗೆ ಬಂದಾಗ ಯಾಕೆ ಗಂಟಲಲ್ಲಿ ಸಿಗುತ್ತದೋ.

ವಿದ್ಯೆ ಬಂದದ್ದೂ ಆ ಕಡೆಯಿಂದಲೇ. ಲಂಡನ್ನಿನ ಮಿಲ್ ಹಿಲ್ ಪ್ರಯೋಗಾಲಯದಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಅನ್ನುವ ಮೂವರು ಹುಂಜದ ವೀರ್ಯವನ್ನು ಸಕ್ಕರೆ ದ್ರಾವಣದಲ್ಲಿ ಹೆಪ್ಪುಗಟ್ಟಿಸಿ ಬದುಕಿಸೋಕೆ ನೋಡುತ್ತಿದ್ದರು, ಆಗುತ್ತಿರಲಿಲ್ಲ. ಒಂದು ಸಲ ಇದ್ದಕ್ಕಿದ್ದಂತೆ ವೀರ್ಯಾಣುಗಳು ಬದುಕಿದವು. ನೋಡಿದರೆ ಬಾಟಲಿಯ ಚೀಟಿ ಅದಲುಬದಲಾಗಿ, ಒಳಗೆ ಇದ್ದದ್ದು ಗ್ಲಿಸರಾಲ್! ಅದನ್ನು 1949ರಲ್ಲಿ ಪ್ರಕಟಿಸಿದರು. ನೀರು ಮಂಜಾದರೆ ಅದರ ಹರಳು ಜೀವಕೋಶವನ್ನು ಸೀಳುತ್ತದೆ, ಗ್ಲಿಸರಾಲ್ ಅದನ್ನು ತಡೆಯುತ್ತದೆ. (ನಮ್ಮ ಸಾಫ್ಟ್‌ವೇರಲ್ಲಿ ಇಂಥ ಒಳ್ಳೆಯ ಬಗ್ ನಾನಂತೂ ನೋಡಿಲ್ಲ.) 1953ರಲ್ಲಿ ಅಮೆರಿಕದ ಅಯೋವಾದಲ್ಲಿ ಬಂಜ್ ಮತ್ತು ಶೆರ್ಮನ್ ಇದೇ ಗ್ಲಿಸರಾಲ್ ಬೆರೆಸಿ ಹೆಪ್ಪುಗಟ್ಟಿಸಿದ ಮನುಷ್ಯನ ವೀರ್ಯದಿಂದಲೂ ಗರ್ಭ ನಿಲ್ಲುತ್ತದೆ ಅಂತ ತೋರಿಸಿದರು. ಈಗ ಇಡುವುದು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಆ ಚಳಿಯಲ್ಲಿ ಕೋಶದೊಳಗೆ ಏನೂ ನಡೆಯುವುದಿಲ್ಲ, ವಯಸ್ಸೂ ಆಗುವುದಿಲ್ಲ.

ತಮ್ಮ "ಆತು ನಡಿ" ಅಂದ.

ಡಾಕ್ಟರನ್ನು ಕೇಳಿದಾಗ ಕೀಮೋವನ್ನು ಮೂರು ದಿನ ಮುಂದೆ ಹಾಕಲು ಒಪ್ಪಿದರು, ಸಮಯ ಗುರುವಾರದವರೆಗೆ ಸಿಕ್ಕಿತು. ಹುಬ್ಬಳ್ಳಿಯಲ್ಲೇ ಐ.ವಿ.ಎಫ್. ಸೆಂಟರುಗಳಿವೆ, ಒಂದಕ್ಕೆ ಹೋದೆವು. ನಮ್ಮ ಕಡೆಯವರು ಯಾರಾದರೂ ಹೋಗುವುದಾದರೆ ತಿಳಿದಿರಲಿ ಅಂತ ಕೆಲವು ಮಾತು. ಮೊದಲು ಎಚ್.ಐ.ವಿ., ಕಾಮಾಲೆಯ ಬಿ ಮತ್ತು ಸಿ ರಕ್ತ ಪರೀಕ್ಷೆ ಮಾಡುತ್ತಾರೆ, ಗಾಬರಿ ಬೇಡ, ಎಲ್ಲರಿಗೂ ಅದೇ. ಎರಡು-ಮೂರು ದಿನ ಸಂಯಮದಿಂದ ಇದ್ದು ಬರಲು ಹೇಳುತ್ತಾರೆ, ಸಮಯ ಇಲ್ಲದಿದ್ದರೆ ಅದನ್ನೂ ಸಡಿಲಿಸುತ್ತಾರೆ. ಮನೆಯಲ್ಲೇ ಸಂಗ್ರಹಿಸಿ ಒಯ್ಯೋಣ ಅಂದರೆ ಒಂದು ಗಂಟೆಯೊಳಗೆ, ಮೈ ಬಿಸಿಯಲ್ಲೇ ಇಟ್ಟುಕೊಂಡು ಲ್ಯಾಬ್ ಮುಟ್ಟಿಸಬೇಕು. ನಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಅದು ಸಾಧ್ಯವಿಲ್ಲದ ಮಾತು, ಅಲ್ಲಿಯೇ ಆಗಬೇಕು. ಸೆಂಟರಿನಲ್ಲಿ ಅದಕ್ಕೊಂದು ಕೋಣೆ. ಹೊರಗಿನ ಬೆಂಚಿನಲ್ಲಿ ಕಾಕಾ ಟವೆಲ್ ಹೊದ್ದು ಕೂತಿದ್ದರು, ನಾನು ಬೇಕಿಲ್ಲದ ಮೇಲ್‌ಗಳನ್ನೆಲ್ಲ ಓದುತ್ತಿದ್ದೆ. ಇಪ್ಪತ್ಮೂರು ವರ್ಷದ ಹುಡುಗ, ಕ್ಯಾನ್ಸರ್ ಅಂತ ಗೊತ್ತಾಗಿ ಒಂದು ವಾರ ಆಗಿಲ್ಲ, ಹೊರಗೆ ಅಪ್ಪ ಕೂತಿದ್ದಾನೆ. ಮೊದಲ ದಿನ ಆಗಲಿಲ್ಲ. ಹೊರಗೆ ಬಂದು ಯಾರ ಮುಖವನ್ನೂ ನೋಡಲಿಲ್ಲ. ಮರುದಿನ ಕಾಕಾನನ್ನು ದುರ್ಗದಬೈಲಿಗೆ ಏನೋ ತರೋಕೆ ಕಳಿಸಿದೆ. ಆವತ್ತು ಆಯಿತು. ಒಂದು ದಿನ ಬಿಟ್ಟು ಇನ್ನೊಂದು ಸಲ. ಎಣಿಕೆ ಕಡಿಮೆ ಇತ್ತು, ಈ ರೋಗದಲ್ಲಿ ಔಷಧಿಗೆ ಮುಂಚೆಯೇ ಹಾಗಿರುವುದುಂಟಂತೆ. ಕರಗಿಸುವಾಗ ಅದರಲ್ಲೂ ಬಹಳಷ್ಟು ಸಾಯುತ್ತವೆ. ಆದರೆ 1992ರಿಂದ ಇಕ್ಸಿ ಅನ್ನುವ ವಿಧಾನ ಇದೆ, ಒಂದು ಅಂಡದೊಳಗೆ ಒಂದೇ ವೀರ್ಯಾಣುವನ್ನು ಸೂಜಿಯಿಂದ ಬಿಡುತ್ತಾರೆ. ಲ್ಯಾಬಿನ ಹುಡುಗಿ "ಇಷ್ಟು ಸಾಕ್ರೀ" ಅಂದಾಗ ತಮ್ಮ ಆ ವಾರದಲ್ಲಿ ಮೊದಲ ಸಲ ನಕ್ಕ.

ಇದಕ್ಕೂ ಮುಂಚೆ ಮೊದಲ ದಿನವೇ ಒಂದು ಫಾರ್ಮ್ ತುಂಬಿಸಿದ್ದರು. 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆಯ ಪ್ರಕಾರ, ಮುಂದೆ ಆ ವ್ಯಕ್ತಿ ಸತ್ತರೆ ಸ್ಯಾಂಪಲ್ ಏನು ಮಾಡಬೇಕು ಅಂತ ಬರೆಸಿಕೊಳ್ಳದೆ ಹೆಪ್ಪುಗಟ್ಟಿಸುವಂತಿಲ್ಲ. ಆ ಸಾಲು ಬಂದಾಗ ಪೆನ್ನು ನಿಂತಿತು. "ಅಣ್ಣಾ, ಇಲ್ಲೇನು ಬರೀಲಿ?" ನಾನು ಹೇಳಲಿಲ್ಲ, ಹೇಳಬಾರದು ಅನ್ನಿಸಿತು. ಅವನೇ ಬರೆದ, ನಾಶ ಮಾಡಬೇಕು ಅಂತ. ಆಮೇಲೆ ಮೆಲ್ಲಗೆ, "ನಾ ಇಲ್ಲಂದ್ರ ಅವ್ವ ಅಪ್ಪ ಈ ವಯಸ್ಸಿನ್ಯಾಗ ಸಣ್ಣ ಕೂಸು ಹಿಡಕೊಂಡು ಕೂಡೂದು ಬ್ಯಾಡ."

ಅದೇ ವರ್ಷ ಅಕ್ಟೋಬರ್ 4ರಂದು ದೆಹಲಿ ಹೈಕೋರ್ಟಿನ ತೀರ್ಪು ಬಂತು. ಕ್ಯಾನ್ಸರ್ ಆಗಿದ್ದ ಮೂವತ್ತರ ಅವಿವಾಹಿತ ಹುಡುಗ, 2020ರ ಜೂನ್‌ನಲ್ಲಿ ಕೀಮೋಗೆ ಮುಂಚೆ ವೀರ್ಯ ಇಡಿಸಿದ್ದ, ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಅಪ್ಪ-ಅಮ್ಮ ಕೇಳಿದರೆ ಆಸ್ಪತ್ರೆ ಕೊಡಲಿಲ್ಲ. ವೀರ್ಯದ ಒಡೆಯನ ಒಪ್ಪಿಗೆ ಕಂಡುಬಂದರೆ ಸತ್ತ ಮೇಲೆ ಮಗು ಪಡೆಯುವುದಕ್ಕೆ ನಮ್ಮ ಕಾನೂನಿನಲ್ಲಿ ನಿಷೇಧ ಇಲ್ಲ ಅಂತ ಹೇಳಿ ಕೋರ್ಟು ಅದನ್ನು ಹೆತ್ತವರಿಗೆ ಕೊಡಿಸಿತು. 2021ರಲ್ಲಿ ಕಲ್ಕತ್ತಾ ಹೈಕೋರ್ಟ್ ಇನ್ನೊಬ್ಬ ತಂದೆಗೆ ಇಲ್ಲ ಅಂದಿತ್ತು, ಅಲ್ಲಿ ಮಗನಿಗೆ ಹೆಂಡತಿ ಇದ್ದಳು, ಹಕ್ಕು ಅವಳದು ಅಂತ. ನನಗೆ ಆ ದೆಹಲಿಯ ತಂದೆ-ತಾಯಿ ಬಗ್ಗೆ ಕರುಳು ಚುರ್ ಅಂದರೂ, ಮಗು ಬೇಕೋ ಬೇಡವೋ ಅನ್ನೋದು ಸತ್ತವನ ಬಾಯಿಂದ ಬರಬೇಕಾದ ಮಾತು ಅಂತಲೇ ಅನ್ನಿಸುತ್ತದೆ. ನಮ್ಮ ತಮ್ಮ ಬರೆದದ್ದು ಕಾಕಾಗೆ ಹೋದ ವಾರದವರೆಗೂ ಗೊತ್ತಿರಲಿಲ್ಲ. ಈ ಲೇಖನದ ಮಾತು ಬಂದಾಗ ಅವನೇ ಹೇಳಿದ. ಕಾಕಾ ಏನೂ ಅನ್ನಲಿಲ್ಲ, ಎಮ್ಮೆಗೆ ನೀರು ಕುಡಿಸೋಕೆ ಅಂತ ಎದ್ದು ಹೋದರು.

ಚಿಗವ್ವನ ಲೆಕ್ಕವೇ ಬೇರೆ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಮಕ್ಕಳಾಗಲಿ ಅಂತ ಬೆಳ್ಳಿ ತೊಟ್ಟಿಲು ಹರಕೆ ಹೊರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಎರಡನೇ ಕೀಮೋಗೆ ಮುಂಚೆ ಹೋಳಿ ಬಂತಲ್ಲ, ಚಿಗವ್ವ ಹೋಗಿ ಹರಕೆ ಹೊತ್ತು ಬಂದಳು, ಇನ್ನೂ ಲಗ್ನ ಆಗದ ಮಗನಿಗೆ. "ನಿಮ್ಮ ಡಬ್ಬಿ ನಿಮ್ಮಂತ್ಯಾಕ ಇರಲಿ, ನನ್ನ ಕಾಮಣ್ಣ ನನ್ನಂತ್ಯಾಕ ಇರಲಿ" ಅಂದಳು. ಕಾಮಣ್ಣನ ಮುಂದೆ ಹೇಳಿಕೊಂಡದ್ದನ್ನು ಪಕ್ಕದ ಮನೆಯವರಿಗೆ ಮಾತ್ರ ಇವತ್ತಿಗೂ ಹೇಳಿಲ್ಲ.

ಆರು ತಿಂಗಳು, ಹನ್ನೆರಡು ಸಲ ಕೀಮೋ. ಅದರ ಬಗ್ಗೆ ಬರೆಯುವುದಿಲ್ಲ. ಈಗ ಆರಾಮ ಇದ್ದಾನೆ, ಚೆಕಪ್‌ಗೆ ಹೋಗಿ ಬರುತ್ತಾನೆ. ಸ್ಯಾಂಪಲ್ಲಿನ ಬಾಡಿಗೆ ವರ್ಷಕ್ಕೊಮ್ಮೆ ಕಟ್ಟಬೇಕು, ನನ್ನ ಒಂದು ತಿಂಗಳ ಕಾರಿನ ಕಂತಿಗಿಂತ ಕಡಿಮೆ. ಕಟ್ಟುವುದು ಮರೆತರೆ ಏನಾಗುತ್ತದೆ ಅಂತ ಮೊದಲೇ ಕೇಳಿ ಇಟ್ಟುಕೊಳ್ಳಿ, ಸೆಂಟರಿಗೆ ಕಾಯ್ದೆಯ ಪ್ರಕಾರ ನೋಂದಣಿ ಇದೆಯೋ ಅದನ್ನೂ ನೋಡಿ. ಕಾಯ್ದೆಯಲ್ಲಿ ಹತ್ತು ವರ್ಷದ ಮಿತಿ ಅಂತ ಇರುವುದು ದಾನಿಗಳ ವೀರ್ಯ, ಅಂಡ ಮತ್ತು ಭ್ರೂಣದ ಮಾತು. ತನಗಾಗಿಯೇ ಇಟ್ಟುಕೊಂಡದ್ದಕ್ಕೆ ಎಷ್ಟು ವರ್ಷ ಅಂತ ಫಾರ್ಮಿನಲ್ಲಿ ಓದಿ ಸಹಿ ಮಾಡಿ. ಚಳಿಗೆ ಮಾತ್ರ ಮಿತಿ ಇದ್ದಂತಿಲ್ಲ. ಇಂಗ್ಲೆಂಡಿನಲ್ಲಿ ಹದಿನೇಳರ ಹುಡುಗನೊಬ್ಬ 1979ರಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಮುಂಚೆ ಇಡಿಸಿದ್ದ ವೀರ್ಯದಿಂದ ಇಪ್ಪತ್ತೊಂದು ವರ್ಷದ ಮೇಲೆ ಮಗು ಆದದ್ದು 2004ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ.

ಈ ವರ್ಷ ಕನ್ಯಾ ನೋಡುವುದು ಶುರುವಾಗಿದೆ. ಕ್ಯಾನ್ಸರ್ ಆಗಿತ್ತು ಅಂತ ಹೇಳಬೇಕೋ ಬೇಡವೋ ಅಂತ ಮನೆಯಲ್ಲಿ ದೊಡ್ಡ ಜಗಳ. ಚಿಗವ್ವ ಬೇಡ ಅಂದಳು, ನಾನು ಹೇಳಬೇಕು ಅಂದೆ. ನಮ್ಮಿಬ್ಬರನ್ನೂ ಕೇಳದೆ ಅವನು ಅಣ್ಣಿಗೇರಿಯ ಹುಡುಗಿಯೊಬ್ಬಳಿಗೆ ಫೋನಿನಲ್ಲಿ ಎಲ್ಲಾ ಹೇಳಿಬಿಟ್ಟ, ಗಂಟಿನಿಂದ ಹಿಡಿದು ಹುಬ್ಬಳ್ಳಿಯ ಆ ಕೋಣೆಯವರೆಗೆ. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಬಂತು.

"ಏನಂದ್ಲೋ?"

"ಏನೂ ಅನ್ಲಿಲ್ಲ. ಆ ಟ್ಯಾಂಕಿಗೆ ಕರೆಂಟ್ ಹೋದ್ರ ಏನಾಗತೈತಿ ಅಂತ ಕೇಳಿದ್ಲು. ನನಗ ಗೊತ್ತಿಲ್ಲ ಅಂದೆ. ಏನಾಗತೈತಿ ಅಣ್ಣಾ?"

ಅದು ಕರೆಂಟಿನ ಮೇಲೆ ನಡೆಯೋದಲ್ಲ, ದನದ ಡಾಕ್ಟರ್ ಕ್ಯಾನ್ ಇದ್ದಂಗ, ಸಾರಜನಕ ಕಡಿಮೆ ಆದಂಗ ಆದಂಗ ತುಂಬಸ್ತಾರ ಅಂದೆ.

"ಹಂಗಂತ ಹೇಳ್ತೀನಿ ತಡಿ" ಅಂತ ಫೋನ್ ಇಟ್ಟ.