ಹಳೇ ಕಾರಿಗೆ ಹೊಸ ದನಿ

ಅಪ್ಪ ಓಡಿಸ್ತಿದ್ದ ಮಾರುತಿ 800 ಇನ್ನೂ ನಿಮ್ಮ ಮನೆ ಮುಂದಿದೆಯಾ? 2014ರಲ್ಲೇ ಅದರ ತಯಾರಿಕೆ ನಿಂತುಹೋಯ್ತು. ಆದ್ರೂ ಹುಲಿಕೆರೆಯಿಂದ ಹಳೇಬೀಡು, ಅಲ್ಲಿಂದ 16 ಕಿ.ಮೀ. ದೂರದ ಬೇಲೂರಿಗೆ ಹೋಗಿಬರೋಕೆ ಅದು ಸಾಕು. ಜೊತೆಗೆ ಬೇಕಾಗಿರೋದು ಕಿವಿಗೆ ಹಿತವಾದ ಹಾಡು.

ಮೊದಲು ಸ್ಪೀಕರ್ ಬದಲಿಸಿ. ವರ್ಷಗಟ್ಟಲೆ ಬಿಸಿಲು, ತೇವಕ್ಕೆ ಅದರ ಕಾಗದದ ಕೋನ್ ಹಾಳಾಗಿರುತ್ತೆ. 'ಗರ್ ಗರ್' ಸದ್ದು ಹೆಚ್ಚಾಗಿ ಅಲ್ಲಿಂದಲೇ. ಆಮೇಲೆ ಬ್ಲೂಟೂತ್ ಸ್ಟೀರಿಯೊ. ಡಬ್ಬದ ಮೇಲೆ ಚಾನೆಲ್‌ಗೆ 50 ವ್ಯಾಟ್ ಅಂತಿದ್ರೆ ಮರುಳಾಗಬೇಡಿ, ಅದು ಗರಿಷ್ಠ ಲೆಕ್ಕ. ಸತತವಾಗಿ ಸಿಗೋದು ಆರ್‌ಎಂಎಸ್, ಸಾಮಾನ್ಯವಾಗಿ 15–20 ವ್ಯಾಟ್. ಚಿಕ್ಕ ಕಾರಿಗೆ ಅಷ್ಟು ಧಾರಾಳ.

ವೈರಿಂಗ್‌ನಲ್ಲಿ ಮಾತ್ರ ಉಳಿತಾಯ ಬೇಡ. ಹಳೇ ವೈರ್ ಕತ್ತರಿಸಿ, ತಿರುಚಿ, ಟೇಪ್ ಸುತ್ತಿದ್ರೆ ಬಿಸಿಗೆ ಟೇಪ್ ಬಿಚ್ಚಿ ಶಾರ್ಟ್ ಆಗಬಹುದು, ಬೆಂಕಿಯೂ ಹತ್ತಬಹುದು. ಕೇಳಿ ಕಪ್ಲರ್ ಹಾಕಿಸಿ. ಆಂಪ್ಲಿಫೈಯರ್ ಇದ್ರೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ.

ದುಡ್ಡು ಕೊಡೋ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಿ ಹಾಡು ಕೇಳಿ. ಆಕ್ಸಿಲರೇಟರ್ ಒತ್ತಿದಂತೆ 'ಕುಂಯ್' ಅನ್ನೋ ಸದ್ದು ಏರಿದ್ರೆ ಹೆಚ್ಚಾಗಿ ಅರ್ತಿಂಗ್ ಸರಿಯಿಲ್ಲ ಅಂತರ್ಥ, ಅಲ್ಲೇ ಸರಿಮಾಡಿಸಿ. ವಾಲ್ಯೂಮ್ ಎಷ್ಟಿರಬೇಕು ಅಂತೀರಾ? ಹಿಂದಿನಿಂದ ಬರೋ ಬಸ್ಸಿನ ಹಾರನ್ ಕೇಳಿಸೋಷ್ಟು.