‘ಯಾರಿಗೂ ಗೊತ್ತಿಲ್ಲದ’ ಹಸಿರು

‘ಯಾರಿಗೂ ಗೊತ್ತಿಲ್ಲದ ಅದ್ಭುತ’ ಎಂಬ ಒಕ್ಕಣೆ ಹೊತ್ತ ಗಾಲ್ಫ್ ಮೈದಾನಗಳ ಫೋಟೋಗಳನ್ನು ನಾನೂ ಆಸೆಯಿಂದ ನೋಡುತ್ತೇನೆ. ನನ್ನ ತಕರಾರು ಆ ‘ಯಾರಿಗೂ’ ಎಂಬ ಪದದ ಮೇಲೆ.

ಸ್ಕಾಟ್ಲೆಂಡಿನ ಸೌತ್ ಯೂಯಿಸ್ಟ್ ದ್ವೀಪದ ಆಸ್ಕರ್ನಿಶ್ ಮೈದಾನವನ್ನೇ ತೆಗೆದುಕೊಳ್ಳಿ. 1891ರಲ್ಲಿ ಓಲ್ಡ್ ಟಾಮ್ ಮಾರಿಸ್ ರೂಪಿಸಿದ್ದು. ಬರಬರುತ್ತ ಹುಲ್ಲಿನಲ್ಲಿ ಮರೆಯಾಗಿ, 2008ರಲ್ಲಿ ಮತ್ತೆ ತೆರೆಯಿತು. ಫೋಟೋಗಳಲ್ಲಿ ಮರಳುದಿಬ್ಬ, ಅಟ್ಲಾಂಟಿಕ್ ಕಡಲು, ಸಂಜೆಯ ಓರೆಬಿಸಿಲು. ಮನುಷ್ಯರಿಲ್ಲ. ಆದರೆ ಅದು ಅಲ್ಲಿನ ಸಣ್ಣ ಹಿಡುವಳಿದಾರರ ದನ, ಕುರಿ ಮೇಯುವ ನೆಲ. ನಮ್ಮಲ್ಲಾದರೆ ಗೋಮಾಳ ಎನ್ನುತ್ತಿದ್ದೆವು. ಮೈದಾನ ಮತ್ತೆ ಬರುತ್ತದೆ ಎಂದಾಗ ಅವರಲ್ಲಿ ಕೆಲವರು ಮೇಯಿಸುವ ಹಕ್ಕಿಗಾಗಿ ಭೂನ್ಯಾಯಾಲಯದ ತನಕ ಹೋದರು.

ಇನ್ನೂ ಹಿಂದೆ, 1851ರಲ್ಲಿ, ದ್ವೀಪದ ಒಡೆಯ ಕರ್ನಲ್ ಗಾರ್ಡನ್ ನೂರಾರು ಜನರನ್ನು ಒಕ್ಕಲೆಬ್ಬಿಸಿ ಕೆನಡಾಕ್ಕೆ ಸಾಗಹಾಕಿದ್ದ. ಮೈದಾನ ರೂಪಿಸಲು ಮಾರಿಸ್‌ನನ್ನು ಕರೆಸಿದ್ದು ಅವನ ಸೊಸೆ! ಇಂಥ ನೆಲವನ್ನು ‘ಯಾರೂ ಕಾಣದ್ದು’ ಅನ್ನಲು ನಾಲಿಗೆ ಹೇಗೆ ಹೊರಳುತ್ತದೆ?

ಬರೀ ಒಂದು ಚಿತ್ರಕ್ಕೆ ಇಷ್ಟು ರಾದ್ಧಾಂತವೇ ಎನ್ನುವವರಿದ್ದಾರೆ. ಇರಲಿ. ಕ್ಯಾಮೆರಾದ ಚೌಕಟ್ಟಿನಿಂದ ದನಗಳನ್ನು ಆಚೆಗಿಟ್ಟದ್ದು ಕಡಲಗಾಳಿಯಲ್ಲ, ಫೋಟೋ ತೆಗೆದವರು. ಚಳಿಗಾಲದಲ್ಲಿ ಇವತ್ತಿಗೂ ಅಲ್ಲಿ ದನಗಳು ಮೇಯುತ್ತವೆ. ನಾನು ಹುಡುಕುತ್ತಿರುವುದು ಆ ಫೋಟೋವನ್ನು.